ಹೊಸಬರಿಗೆ ದಾರಿ ತೋರಿಸಿದವರು

ಮಕ್ಕಳ ಪದವಿ ಕಣ್ಣಾರೆ ನೋಡಬೇಕೆಂದು ಒಂದು ದಿನದ ಕೂಲಿ ಬಿಟ್ಟು, ಮಗ್ಗ ನಿಲ್ಲಿಸಿ, ದನಕರುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಿರುವ ತಂದೆತಾಯಂದಿರೆ, ಇಂದು ಪದವೀಧರರಾಗುತ್ತಿರುವ ನನ್ನ ಪ್ರೀತಿಯ ವಿದ್ಯಾರ್ಥಿಗಳೆ,

ಚಿನ್ನದ ಪದಕ ಪಡೆದವರ ಹೆಸರುಗಳನ್ನು ಈಗಷ್ಟೇ ಓದಿದರು, ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ಅವರಿಗೆ ಸಲ್ಲಬೇಕಾದದ್ದೇ. ಆದರೆ ಈ ಸಭಾಂಗಣದಲ್ಲಿ ಇನ್ನೂ ಕೆಲವರಿದ್ದಾರೆ. ಹೊಸದಾಗಿ ಸೇರಿದ ಹುಡುಗನ ಪಕ್ಕ ಕೂತು ಯುಯುಸಿಎಂಎಸ್ ಜಾಲತಾಣದಲ್ಲಿ ಪ್ರವೇಶದ ಅರ್ಜಿ ತುಂಬಿಸಿದವರು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ವಿದ್ಯಾರ್ಥಿವೇತನ ನಿಂತುಹೋದವಳನ್ನು ಬ್ಯಾಂಕಿಗೆ ಕರೆದುಕೊಂಡು ಹೋದವರು, ಮೊದಲ ಇಂಟರ್ನಲ್ಸ್‌ನಲ್ಲಿ ಕಡಿಮೆ ಅಂಕ ಬಂತೆಂದು ಟಿಸಿ ತೆಗೆದುಕೊಳ್ಳಲು ಹೊರಟವನನ್ನು ತಡೆದು ನಿಲ್ಲಿಸಿದವರು. ಅವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಇವತ್ತಿನ ನನ್ನ ಮಾತು ಅವರ ಬಗ್ಗೆ. ನಾಯಕತ್ವ ಎಂದು ದೊಡ್ಡ ದೊಡ್ಡ ಸಂಸ್ಥೆಗಳು ದುಡ್ಡು ಸುರಿದು ಕಲಿಸಲು ಹೊರಡುವ ವಿದ್ಯೆಯನ್ನು ಅವರು ಈ ಕಾಲೇಜಿನ ಕಾರಿಡಾರಿನಲ್ಲೇ ಕಲಿತಿದ್ದಾರೆ ಎಂಬುದು ನನ್ನ ದೃಢವಾದ ನಂಬಿಕೆ.

ನಮ್ಮ ಜಿಲ್ಲೆಯ ಕಾಲೇಜುಗಳಿಗೆ ಪ್ರತಿವರ್ಷ ಬರುವ ಹೊಸಬರು ಯಾರೆಂದು ನೋಡಿ. ದೊಡ್ಡಬಳ್ಳಾಪುರದ ನೇಕಾರರ ಮನೆಗಳಿಂದ ಬರುತ್ತಾರೆ. ಪವರ್‌ಲೂಮಿನ ಸದ್ದಿನ ನಡುವೆಯೇ ಪಿಯುಸಿಗೆ ಓದಿಕೊಂಡವರು. ದೇವನಹಳ್ಳಿ ಕಡೆಯಿಂದ, ಅಜ್ಜ ಉತ್ತ ಹೊಲ ಈಗ ಬಡಾವಣೆಯೋ ಕಾರ್ಖಾನೆಯೋ ಆಗಿರುವ ಊರುಗಳಿಂದ ಬರುತ್ತಾರೆ. ಹೊಸಕೋಟೆಯ ತರಕಾರಿ ತೋಟಗಳಿಂದ, ನೆಲಮಂಗಲದ ಗೋದಾಮುಗಳಲ್ಲಿ ಪಾಳಿ ಮಾಡುವವರ ಬಾಡಿಗೆ ಮನೆಗಳಿಂದ ಬರುತ್ತಾರೆ. ಅವರಲ್ಲಿ ಎಷ್ಟೋ ಮಂದಿ ತಮ್ಮ ಮನೆತನದಲ್ಲೇ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಸೆಮಿಸ್ಟರ್ ಅಂದರೇನು, ಬ್ಯಾಕ್‌ಲಾಗ್ ಅಂದರೇನು ಎಂದು ಮನೆಯಲ್ಲಿ ಕೇಳಿದರೆ ಹೇಳುವವರಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ವಾರದ ಇಂಗ್ಲಿಷ್ ಪಾಠ ಕಿವಿಯ ಪಕ್ಕದಲ್ಲೇ ಹಾದುಹೋಗುತ್ತದೆ. ನಮ್ಮ ಸುತ್ತಮುತ್ತ ವಿಶ್ವವಿದ್ಯಾಲಯಗಳೇನೋ ಬಂದಿವೆ. ನಾಗದೇನಹಳ್ಳಿಯಲ್ಲಿ ಗೀತಂ, ದೇವನಹಳ್ಳಿ ತಾಲ್ಲೂಕಿನ ಹರಳೂರಿನಲ್ಲಿ ಚಾಣಕ್ಯ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಒಡೆದು ಬೆಂಗಳೂರು ಉತ್ತರ ವಿಶ್ವವಿದ್ಯಾಲಯವೂ ಹುಟ್ಟಿತು. ಬಾಗಿಲು ಹತ್ತಿರವಾಯಿತು. ಒಳಗೆ ಬಂದ ಮೇಲೆ ಯಾವ ಕಡೆ ತಿರುಗಬೇಕೆಂದು ಹೇಳುವುದು ಮಾತ್ರ ಕಟ್ಟಡದ ಕೈಲಾಗುವ ಕೆಲಸವಲ್ಲ.

ಹೀಗೆ ಯೋಚಿಸಿ. ಒಬ್ಬ ಹುಡುಗಿ ಮೊದಲ ಗಂಟೆಗೆ ದಿನಾ ತಡವಾಗಿ ಬರುತ್ತಾಳೆ. ಹಾಜರಾತಿ ಕಡಿಮೆಯಾಗುತ್ತದೆ, ಅಧ್ಯಾಪಕರು ಗದರುತ್ತಾರೆ, ಅವಳು ಬಾಯಿ ಬಿಡುವುದಿಲ್ಲ. ಎರಡನೇ ವರ್ಷದ ಒಬ್ಬಾಕೆ ಕ್ಯಾಂಟೀನಿನಲ್ಲಿ ಪಕ್ಕ ಕೂತು ಸುಮ್ಮನೆ ಊರು ಯಾವುದು, ಯಾವ ಬಸ್ಸಿಗೆ ಬರ್ತೀಯ ಎಂದು ಕೇಳುತ್ತಾಳೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿನ ದುಡ್ಡು ಉಳಿದಿದೆ, ನಿಜ. ಆದರೆ ಆ ಊರಿಗೆ ಬೆಳಗ್ಗೆ ಬರುವುದು ಒಂದೇ ಬಸ್ಸು, ಅದು ಕಾಲೇಜಿನ ಗಂಟೆಗೆ ತಕ್ಕಂತೆ ಬರುವುದಿಲ್ಲ. ಹಿರಿಯಾಕೆ ಅಷ್ಟು ತಿಳಿದುಕೊಂಡು ಪ್ರಾಂಶುಪಾಲರ ಬಳಿ ಹೋಗುತ್ತಾಳೆ, ಅದೇ ದಾರಿಯ ಇನ್ನೂ ಕೆಲವರ ಹೆಸರು ಸೇರಿಸಿ ಡಿಪೋಗೆ ಒಂದು ಅರ್ಜಿ ಬರೆಸುತ್ತಾಳೆ. ಇಲ್ಲಿ ಏನೇನು ನಡೆಯಿತು ನೋಡಿ. ತಪ್ಪು ಹೊರಿಸುವ ಮೊದಲು ಕಾರಣ ಹುಡುಕಿದಳು. ಹೇಳಿಕೊಳ್ಳಲಾರದವಳಿಂದ ಮಾತು ಹೊರಡಿಸಿದಳು. ಒಬ್ಬಳ ಕಷ್ಟದ ಹಿಂದೆ ಹಲವರ ಕಷ್ಟವಿದೆ ಎಂದು ಕಂಡುಕೊಂಡಳು. ಅಧಿಕಾರ ಇರುವವರ ಮುಂದೆ ಅದನ್ನು ಕಾಗದದ ಮೇಲೆ, ಕೂಗಾಡದೆ ಇಟ್ಟಳು. ಬಸ್ಸಿನ ಹೊತ್ತು ಬದಲಾಯಿತೋ ಇಲ್ಲವೋ, ಆಕೆ ಬದಲಾದಳು. ನಾಳೆ ಕಾರ್ಖಾನೆಯಲ್ಲೋ ಪಂಚಾಯಿತಿ ಕಚೇರಿಯಲ್ಲೋ ನಾಲ್ಕು ಜನರ ಹೊಣೆ ಅವಳ ಮೇಲೆ ಬಿದ್ದಾಗ ಮಾಡಬೇಕಾದದ್ದು ಇದನ್ನೇ.

2023ರಲ್ಲಿ ಸೇರಿದ ನಿಮಗೆ ಇನ್ನೊಂದು ಪರೀಕ್ಷೆಯೂ ಎದುರಾಯಿತು. ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಪಠ್ಯಕ್ರಮವನ್ನು 2021–22ರಲ್ಲೇ ಜಾರಿಗೆ ತಂದ ರಾಜ್ಯ ನಮ್ಮದು; 2024–25ರಿಂದ ಅದನ್ನು ಕೈಬಿಟ್ಟು ರಾಜ್ಯದ್ದೇ ಶಿಕ್ಷಣ ನೀತಿಯ (ಎಸ್‌ಇಪಿ) ಪಠ್ಯಕ್ರಮ ತಂದರು. ಹಾಗಾಗಿ ನೀವು ಎನ್‌ಇಪಿಯ ಕೊನೆಯ ತಂಡ, ನಿಮ್ಮ ಮರುವರ್ಷ ಬಂದವರು ಎಸ್‌ಇಪಿಯವರು. ನಿಮ್ಮ ನೋಟ್ಸು, ನಿಮ್ಮ ವಿಷಯಗಳ ಜೋಡಣೆ, ನಿಮ್ಮ ಕ್ರೆಡಿಟ್ ಲೆಕ್ಕ ಅವರಿಗೆ ಇದ್ದ ಹಾಗೇ ಹೊಂದುವಂತಿರಲಿಲ್ಲ. ಕಿರಿಯರು ಕೇಳಿದಾಗ ನಿಮ್ಮಲ್ಲಿ ಒಳ್ಳೆಯ ಮಾರ್ಗದರ್ಶಿಗಳಾಗಿದ್ದವರು ಏನು ಹೇಳಿದರು? 'ನಮ್ಮ ಕಾಲದಲ್ಲಿ ಹೀಗಿತ್ತು, ನಿಮ್ಮದು ಹೇಗೋ ಗೊತ್ತಿಲ್ಲ, ವಿಚಾರಿಸಿ ನಾಳೆ ಹೇಳ್ತೀನಿ' ಎಂದರು. ಮರುದಿನ ಹೇಳಿದರು ಕೂಡ. ಈ ಮರುದಿನ ಹೇಳುವುದಿದೆಯಲ್ಲ, ಅದಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ಗೊತ್ತಿಲ್ಲ ಎನ್ನುವ ಧೈರ್ಯ ಒಂದು ಪಾಲು, ತಿಳಿದುಕೊಂಡು ಬಂದು ಮಾತು ಉಳಿಸಿಕೊಳ್ಳುವುದು ಮೂರು ಪಾಲು.

ಮತ್ತೊಂದು ಮುಖ್ಯ ಸಂಗತಿ, ತನ್ನ ಕೈಮೀರಿದ್ದು ಯಾವುದೆಂದು ಅರಿಯುವುದು. ಕಿರಿಯನೊಬ್ಬ ನಿದ್ದೆ ಬಿಟ್ಟು, ಊಟ ಬಿಟ್ಟು, ಬದುಕೇ ಬೇಡವೆಂಬಂತೆ ಮಾತಾಡಿದರೆ ಅಲ್ಲಿ ಅಣ್ಣನ ಬುದ್ಧಿಮಾತು ಸಾಲದು. ಅವನ ಜೊತೆಗಿದ್ದು, ಅಧ್ಯಾಪಕರಿಗೆ ತಿಳಿಸಿ, ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿಸಬೇಕು, ಕನ್ನಡದಲ್ಲೇ ಮಾತಾಡಬಹುದು. ಅವನು ಹೇಳಿದ್ದನ್ನು ವಾಟ್ಸಾಪ್ ಗುಂಪಿಗೆ ಹಾಕಕೂಡದು. ನಂಬಿ ಹೇಳಿದವರ ಮಾತನ್ನು ಕಾಪಾಡುವುದು, ಆದರೆ ಪ್ರಾಣಕ್ಕೆ ಕುತ್ತು ಇದೆಯೆಂದರೆ ಸರಿಯಾದವರಿಗೆ ಮುಟ್ಟಿಸುವುದು, ಈ ಎರಡರ ನಡುವಿನ ವಿವೇಕ ಪುಸ್ತಕದಿಂದ ಬರುವಂಥದ್ದಲ್ಲ.

ಓದುವವರೇ ಓದುವವರಿಗೆ ಕಲಿಸುವುದು ನಮ್ಮ ಸೀಮೆಗೆ ಹೊಸತೂ ಅಲ್ಲ. ಕೂಲಿಮಠಗಳಲ್ಲಿ ದೊಡ್ಡ ಹುಡುಗ ಚಿಕ್ಕವನ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಮದರಾಸಿನ ಎಗ್ಮೂರಿನ ಅನಾಥಾಲಯ ಶಾಲೆಯ ಹೊಣೆ ಹೊತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇಂಥ ಮರಳಿನ ಪಾಠವನ್ನು ಕಂಡು ತನ್ನ ಶಾಲೆಗೂ ತರಲು ಹೊರಟ. ಅಲ್ಲಿನ ಉಪಾಧ್ಯಾಯರು ಒಪ್ಪಲಿಲ್ಲ. ಆಗ ಜಾನ್ ಫ್ರಿಸ್ಕೆನ್ ಎಂಬ ಎಳೆಯ ವಿದ್ಯಾರ್ಥಿಗೆ ಆ ಕೆಲಸ ಒಪ್ಪಿಸಿದ. ಹುಡುಗ ಮಾಡಿ ತೋರಿಸಿದ. ಬೆಲ್ 1797ರಲ್ಲಿ ಅದನ್ನು ಇಂಗ್ಲೆಂಡಿನಲ್ಲಿ ಪುಸ್ತಕವಾಗಿ ಪ್ರಕಟಿಸಿದ ಮೇಲೆ 'ಮದರಾಸು ಪದ್ಧತಿ' ಎಂದೇ ಅದು ಹೆಸರಾಯಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನಲ್ಲಿ ಇಂದಿಗೂ ಅದೇ ಹೆಸರು ಹೊತ್ತ ಮದ್ರಾಸ್ ಕಾಲೇಜ್ ಎಂಬ ಶಾಲೆಯಿದೆ.

ನಮ್ಮ ಕಾಲಕ್ಕೆ ಬಂದರೆ, ಅಮೆರಿಕದ ಕಾನ್ಸಾಸ್ ಸಿಟಿಯ ಮಿಸ್ಸೂರಿ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಡಿಯಾನಾ ಮಾರ್ಟಿನ್ ಆರಂಭಿಸಿದ ಕ್ರಮ ಗಮನಿಸತಕ್ಕದ್ದು. ದಡ್ಡರು ಯಾರೆಂದು ಅವರು ಹುಡುಕಲಿಲ್ಲ, ಕಷ್ಟದ ವಿಷಯ ಯಾವುದೆಂದು ಹುಡುಕಿದರು. ಆ ವಿಷಯದಲ್ಲಿ ಹಿಂದೆ ಚೆನ್ನಾಗಿ ತೇರ್ಗಡೆಯಾದ ವಿದ್ಯಾರ್ಥಿ ಮತ್ತೆ ಅದೇ ತರಗತಿಯಲ್ಲಿ ಕೂತು, ಆಮೇಲೆ ಕಿರಿಯರ ಜೊತೆ ಚರ್ಚೆ ನಡೆಸುತ್ತಾನೆ. ಉತ್ತರ ಅವನು ಹೇಳುವ ಹಾಗಿಲ್ಲ, ಅವರ ಬಾಯಿಂದಲೇ ಬರಿಸಬೇಕು. ನೆರವು ಪಡೆಯುವವರ ತಲೆ ತಗ್ಗದಂತೆ ನೆರವಾಗುವ ಈ ಬಗೆ ನನಗೆ ತುಂಬಾ ಇಷ್ಟ. ನಮ್ಮಲ್ಲಿ ಗಣಿತಕ್ಕೆ, ಅಕೌಂಟೆನ್ಸಿಗೆ, ಇಂಗ್ಲಿಷಿಗೆ ನಾಳೆಯಿಂದಲೇ ಇದನ್ನು ಮಾಡಬಹುದು.

ಹಿರಿಯ ವಿದ್ಯಾರ್ಥಿಗಳು ಹೊಸಬರಿಗೆ ದಾರಿ ತೋರಿಸುವುದನ್ನು ಕಾನೂನು ಕೂಡ ಕೇಳುತ್ತದೆ ಎಂಬುದು ಎಷ್ಟು ಜನರಿಗೆ ಗೊತ್ತು? ರ‍್ಯಾಗಿಂಗ್ ತಡೆಯಲು ಯುಜಿಸಿ 2009ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಶಿಕ್ಷೆಯ ಮಾತಿನ ಜೊತೆಗೇ ಮಾರ್ಗದರ್ಶನ ಘಟಕದ ಮಾತೂ ಇದೆ. ಆರು ಮಂದಿ ಹೊಸಬರಿಗೆ ಒಬ್ಬ ವಿದ್ಯಾರ್ಥಿ ಮಾರ್ಗದರ್ಶಿ, ಅಂಥ ಆರು ಮಾರ್ಗದರ್ಶಿಗಳಿಗೆ ಅವರಿಗಿಂತ ಹಿರಿಯನಾದ ಒಬ್ಬ. ಈ ಆರರ ಲೆಕ್ಕ ಬಹಳ ಯೋಚಿಸಿ ಹಾಕಿದಂತಿದೆ. ಆರು ಜನರ ಊರು, ಮನೆ, ಭಯ ಎಲ್ಲವನ್ನೂ ಒಬ್ಬರು ನೆನಪಿನಲ್ಲಿ ಇಟ್ಟುಕೊಳ್ಳಬಹುದು. ಅರವತ್ತಾದರೆ ಬರೀ ಹಾಜರಿ ಪುಸ್ತಕವಾಗುತ್ತದೆ. ಹಿರಿಯ ವಿದ್ಯಾರ್ಥಿಗೆ ಕಿರಿಯನ ಮೇಲೆ ಸಿಗುವ ಬಲ ಒಂದೇ. ಅದು ಹೆದರಿಸುವುದಕ್ಕೂ ಬರುತ್ತದೆ, ಕಾಯುವುದಕ್ಕೂ ಬರುತ್ತದೆ. 2019ರಲ್ಲಿ ಯುಜಿಸಿ 'ದೀಕ್ಷಾರಂಭ' ಎಂಬ ಕೈಪಿಡಿ ತಂದಾಗಲೂ ಹೊಸಬರ ಸ್ವಾಗತದಲ್ಲಿ ಹಿರಿಯ ವಿದ್ಯಾರ್ಥಿಗಳಿಗೆ ಪಾಲು ಕೊಟ್ಟಿತು. ಎಷ್ಟೋ ಕಾಲೇಜುಗಳಲ್ಲಿ ಅದು ಹೂವು ಕೊಟ್ಟು ಭಾಷಣ ಮಾಡಿ ಒಂದೇ ಬೆಳಗ್ಗೆ ಮುಗಿದುಹೋಗುತ್ತದೆ. ನೋವಿನ ಸಂಗತಿ.

ಎಚ್. ನರಸಿಂಹಯ್ಯನವರನ್ನು ನೆನೆಯದೆ ಈ ಮಾತು ಪೂರ್ತಿಯಾಗದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಬಡ ಹುಡುಗ. ಹೈಸ್ಕೂಲು ಸೇರಲು ಪ್ರಯಾಣಕ್ಕೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಬಂದರು. ಗೌರಿಬಿದನೂರಿನಿಂದ ಬೆಂಗಳೂರಿಗೆ ಹೋಗುವ ರಸ್ತೆ ನಮ್ಮ ದೊಡ್ಡಬಳ್ಳಾಪುರವನ್ನು ಹಾದೇ ಹೋಗುತ್ತದೆ. ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿ, ಮುಂದೆ ಭೌತಶಾಸ್ತ್ರದ ಅಧ್ಯಾಪಕರಾಗಿ, ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, 1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಇಷ್ಟೆಲ್ಲ ಆದ ಮೇಲೂ ಅವರು ವಾಸವಿದ್ದದ್ದು ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ, ಹುಡುಗರ ನಡುವೆ. ಹಳ್ಳಿಯಿಂದ ಬಂದ ಹೊಸಬನಿಗೆ ಕುಲಪತಿ ಪಕ್ಕದ ಕೋಣೆಯವರು! ತಮ್ಮ ಸೀಮೆಯ ಮಕ್ಕಳು ತಮ್ಮಂತೆ ನಡೆದು ಬರಬೇಕಾಗದಿರಲೆಂದು ಗೌರಿಬಿದನೂರು, ಬಾಗೇಪಲ್ಲಿಗಳಲ್ಲೂ ನ್ಯಾಷನಲ್ ಕಾಲೇಜುಗಳು ಏಳಲು ಕಾರಣರಾದರು. ತಾನು ಪಟ್ಟ ಪಾಡನ್ನು ಕಿರಿಯರೂ ಪಡಲಿ ಎನ್ನುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಆ ಪಾಡು ತನ್ನೊಂದಿಗೇ ಮುಗಿಯಲಿ ಎಂದು ದುಡಿದವರು ನರಸಿಂಹಯ್ಯನವರು.

ಇನ್ನು ಕೆಲಸದ ಮಾತು. ನಿಮ್ಮಲ್ಲಿ ಹಲವರು ಬರುವ ತಿಂಗಳುಗಳಲ್ಲಿ ವಿಮಾನ ನಿಲ್ದಾಣದ ಸುತ್ತಲಿನ ಕಂಪನಿಗಳಲ್ಲೋ, ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲೋ, ಬ್ಯಾಂಕಿನಲ್ಲೋ ಸಂದರ್ಶನಕ್ಕೆ ಕೂರುತ್ತೀರಿ. ತಂಡದಲ್ಲಿ ಕೆಲಸ ಮಾಡಿದ್ದೀರಾ, ಕಷ್ಟದ ಸನ್ನಿವೇಶ ಹೇಗೆ ನಿಭಾಯಿಸಿದಿರಿ ಎಂದು ಕೇಳಿಯೇ ಕೇಳುತ್ತಾರೆ. ದೊಡ್ಡ ಕಂಪನಿಯ ಇಂಟರ್ನ್‌ಶಿಪ್ ಇಲ್ಲವಲ್ಲ ಎಂದು ಕುಗ್ಗಬೇಡಿ. ಆರು ಮಂದಿ ಹೊಸಬರಲ್ಲಿ ಯಾರಿಗೆ ಏನು ತೊಡಕಿತ್ತು, ನೀವು ಏನು ಮಾಡಿದಿರಿ, ಏನು ಆಗಲಿಲ್ಲ, ಕೊನೆಗೆ ಎಷ್ಟು ಜನ ಮುಂದಿನ ಸೆಮಿಸ್ಟರಿಗೆ ಹೋದರು ಎಂದು ಇದ್ದದ್ದು ಇದ್ದಂತೆ ಹೇಳಿ, ಅವರ ಹೆಸರು ಬಿಟ್ಟು. ರೆಸ್ಯೂಮೆಯಲ್ಲಿ 'ನಾಯಕತ್ವ ಗುಣ' ಎಂಬ ಎರಡು ಪದದ ಬದಲು ಇದನ್ನು ಎರಡು ಸಾಲಿನಲ್ಲಿ ಬರೆಯಿರಿ.

ಆಡಳಿತ ಮಂಡಳಿಯವರಲ್ಲಿ ಒಂದು ಬಿನ್ನಹ. ಆರಕ್ಕೊಬ್ಬರಂತೆ ಮಾರ್ಗದರ್ಶಿಗಳನ್ನು ಈ ವರ್ಷವೇ ನೇಮಿಸಿ. ಒಂದು ದಿನದ ತರಬೇತಿ, ವಾರಕ್ಕೊಂದು ಗಂಟೆಯ ಬಿಡುವು, ಅವರ ಮಾತು ಕೇಳಲು ಒಬ್ಬ ಅಧ್ಯಾಪಕರು, ಕೊನೆಗೆ ಕೆಲಸದ ವಿವರವಿರುವ ಪ್ರಮಾಣಪತ್ರ. ಕಾಲೇಜು ಮುಗಿದ ಮೇಲೆ ಸಂಜೆ ಗಾರ್ಮೆಂಟ್ಸ್‌ಗೋ ಅಂಗಡಿಗೋ ದುಡಿಯಲು ಹೋಗುವ ವಿದ್ಯಾರ್ಥಿ ಇದಕ್ಕೆ ಹೊತ್ತು ಕೊಟ್ಟರೆ ಅವನಿಗೆ ಒಂದಿಷ್ಟು ಗೌರವಧನವೂ ಸಿಗಲಿ. ಇಲ್ಲವಾದರೆ ಇದು ಅನುಕೂಲಸ್ಥರ ಮಕ್ಕಳಿಗಷ್ಟೇ ಸಿಗುವ ಅವಕಾಶವಾಗುತ್ತದೆ.

ಪದವೀಧರರೆ, ನಿಮ್ಮಲ್ಲೂ ಒಂದು ಕೋರಿಕೆಯಿದೆ. ಹೊಸ ಕೆಲಸದ ಮೊದಲ ದಿನ ನೀವೇ ಮತ್ತೆ ಹೊಸಬರು. ಅಲ್ಲಿ ಯಾರಾದರೂ ನಿಮ್ಮ ಪಕ್ಕ ಬಂದು ಕೂತರೆ ಅವರು ಹೇಗೆ ಮಾತಾಡಿಸಿದರು ಎಂಬುದನ್ನು ಗಮನವಿಟ್ಟು ನೋಡಿಕೊಳ್ಳಿ. ನಿಮ್ಮ ಊರಿನಲ್ಲಿ ಈ ವರ್ಷ ಪಿಯುಸಿ ಮುಗಿಸಿದವರಿದ್ದಾರೆ. ಪ್ರವೇಶದ ಕಡೆಯ ದಿನಾಂಕ, ಯಾವ ದಾಖಲೆ ಬೇಕು, ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆಗೆ ಅರ್ಜಿ ಹಾಕುವುದು ಹೇಗೆ ಎಂಬುದೆಲ್ಲ ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಈ ಭಾನುವಾರ ಪದವಿ ಪ್ರಮಾಣಪತ್ರ ತೋರಿಸಲು ಮನೆಮನೆಗೆ ಹೋಗುತ್ತೀರಲ್ಲ, ಆ ಮಕ್ಕಳ ಮನೆಗೂ ಹೋಗಿ, ಅವರ ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ನೋಡಿ, ಮುಗಿದಿದ್ದರೆ ಸೋಮವಾರವೇ ನಾಡಕಚೇರಿಗೆ ಕಳುಹಿಸಿ.