ನನ್ನ ನಡಿಗೆ, ಮಗನ ಸಿನಿಮಾ

(ಸುವರ್ಣ ಮಹೋತ್ಸವದ ಎರಡನೆಯ ದಿನ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ವಿದೇಶದಲ್ಲಿ ಶಿಕ್ಷಣ' ಎಂದು ಅಚ್ಚಾಗಿದೆ. ನಾನು ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಶಿಕ್ಷಣದ ಬಗ್ಗೆ ದೊಡ್ಡದಾಗಿ ಮಾತಾಡುವ ಯೋಗ್ಯತೆ ನನಗಿಲ್ಲ. ಆದರೆ ನನ್ನ ಮಗ ಏಳೆಂಟು ವರ್ಷದ ಹಿಂದೆ ಅಲ್ಲಿ ಓದುವಾಗ ಮೂರು ಜನ ಗೆಳೆಯರ ಜೊತೆ ಒಂದು ಜಾಂಬಿ ಸಿನಿಮಾದ ಶುರುವಿನ ಎರಡು ನಿಮಿಷ ಮಾಡಿದ. ಪರೀಕ್ಷೆಗೆ ಮಾಡಿದ್ದು. ಅದರ ಕಥೆ ಹೇಳುತ್ತೇನೆ.

ಜಾಂಬಿ ಗೊತ್ತಿಲ್ಲದವರು ಕೈ ಎತ್ತಿ. ಮಕ್ಕಳಲ್ಲಿ ಒಬ್ಬರೂ ಇಲ್ಲ. ಹಿರಿಯರ ಸಾಲಿನಲ್ಲಿ ಇದ್ದಾರೆ. ಸತ್ತ ಹೆಣ ಎದ್ದು ನಡೆಯುತ್ತದೆ, ಕಚ್ಚುತ್ತದೆ, ಕಚ್ಚಿಸಿಕೊಂಡವರೂ ಹಾಗೇ ಆಗುತ್ತಾರೆ. ಇಷ್ಟೇ. ನಾವು ಹೈಸ್ಕೂಲಿನಲ್ಲಿದ್ದಾಗ ಮನೆ ಮನೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದು ನೆನಪಿದೆಯಲ್ಲ? ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತಿತ್ತು. ನಮ್ಮ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು, ಮಾತಿಗೆ ಬೆಲೆ ಕೊಡುತ್ತಿತ್ತು. ಜಾಂಬಿಗೆ ಅದ್ಯಾವುದೂ ಇಲ್ಲ. ಓದಲ್ಲ, ಕೇಳಲ್ಲ, ನಡೆಯುತ್ತಲೇ ಇರುತ್ತದೆ.

ಮಗನಿಗೆ ಹದಿನಾರು ತುಂಬಿದಾಗ ಮನೆಯಲ್ಲಿ ಜಗಳ ಶುರುವಾಯಿತು. ಅಲ್ಲಿ ಆ ವಯಸ್ಸಿಗೆ ಮೂರೋ ನಾಲ್ಕೋ ವಿಷಯ ಮಾತ್ರ ಆರಿಸಿಕೊಂಡು ಎರಡು ವರ್ಷ ಓದುತ್ತಾರೆ, ನಮ್ಮ ಪಿಯುಸಿ ಇದ್ದ ಹಾಗೆ. ಇವನು ರಸಾಯನಶಾಸ್ತ್ರ ಬಿಟ್ಟು ಮೀಡಿಯಾ ಸ್ಟಡೀಸ್ ತಗೊಂಡ. ನನಗೆ ತಲೆ ಕೆಟ್ಟು ಹೋಯಿತು. ಊರು ಬಿಟ್ಟು, ಅಪ್ಪ ಅಮ್ಮನನ್ನು ಬಿಟ್ಟು ಬಂದಿದ್ದು ಇವನು ಸಿನಿಮಾ ನೋಡಿ ಪಾಸಾಗಲಿ ಅಂತಲಾ? ಅವನ ಜೊತೆ ಮೂರು ವಾರ ಸರಿಯಾಗಿ ಮಾತಾಡಲಿಲ್ಲ. ರಾತ್ರಿ ಪಾಳಿ ಇದ್ದವನಿಗೆ ಮಾತು ಬಿಡುವುದು ಕಷ್ಟವಲ್ಲ. ಅವನು ಏಳುವ ಹೊತ್ತಿಗೆ ನಾನು ಬಂದು ಮಲಗುತ್ತಿದ್ದೆ.

ಅವರಿಗೆ ಕೊಟ್ಟ ಕೆಲಸ ಹೀಗಿತ್ತು. ಒಸಿಆರ್ ಎಂಬ ಪರೀಕ್ಷಾ ಮಂಡಳಿಯ ಆಗಿನ ಪಠ್ಯಕ್ರಮದಲ್ಲಿ ಒಂದು ಹೊಸ ಕಥಾಚಿತ್ರದ ಶೀರ್ಷಿಕೆ ಮತ್ತು ಆರಂಭದ ಭಾಗವನ್ನು ಮಾತ್ರ ಮಾಡಬೇಕು. ಹೆಚ್ಚೆಂದರೆ ಎರಡು ನಿಮಿಷ. ನೂರು ಅಂಕದಲ್ಲಿ ಸಿನಿಮಾಕ್ಕೆ 60. ಮಾಡುವ ಮುಂಚಿನ ಹುಡುಕಾಟ ಮತ್ತು ಯೋಜನೆಗೆ 20. ಮುಗಿದ ಮೇಲೆ ಏನು ಮಾಡಿದೆವು, ಏನು ಕಲಿತೆವು ಎಂದು ತಾವೇ ಒರೆಗೆ ಹಚ್ಚುವುದಕ್ಕೆ 20. ಮಾಡಿದ್ದಕ್ಕಷ್ಟೇ ಅಲ್ಲ, ಹೇಗೆ ಮಾಡಿದೆ ಎಂದು ಹೇಳುವುದಕ್ಕೂ ಅಂಕ! ಗಣಿತದಲ್ಲಿ ಉತ್ತರ ತಪ್ಪಾದರೂ ವಿಧಾನಕ್ಕೆ ಅಂಕ ಕೊಡುತ್ತಿದ್ದ ನಮ್ಮ ಮೇಷ್ಟರು ಅಲ್ಲಿ ಕೂತಿದ್ದಾರೆ, ಅವರಿಗೆ ಇದು ಹಿಡಿಸಬಹುದು.

ಅದಕ್ಕೂ ಮುಂಚೆ ಒಂದು ಸಣ್ಣ ಅಭ್ಯಾಸ. ಒಬ್ಬರು ಬಾಗಿಲು ತೆಗೆದು ಒಳಗೆ ಬರಬೇಕು, ಕೋಣೆ ದಾಟಿ ಇನ್ನೊಬ್ಬರ ಎದುರು ಕುರ್ಚಿಯಲ್ಲಿ ಕೂರಬೇಕು, ಎರಡು ಮಾತು ಆಡಬೇಕು. ಅಷ್ಟೇ. ಬಾಗಿಲು ತೆಗೆಯುವುದನ್ನು ಕಲಿಯಲು ಕಾಲೇಜಿಗೆ ಹೋಗಬೇಕಾ ಎಂದು ನಾನು ನಕ್ಕೆ. ಅವನು ಸಿಟ್ಟಾಗಲಿಲ್ಲ. ನನ್ನನ್ನೂ ಅವನ ತಾಯಿಯನ್ನೂ ಊಟದ ಮೇಜಿನ ಎದುರು ಬದುರು ಕೂರಿಸಿ, ಫೋನಿನಲ್ಲಿ ಚಿತ್ರ ತೆಗೆದು ತೋರಿಸಿದ. ಮೊದಲನೆಯದರಲ್ಲಿ ನಾವಿಬ್ಬರೂ ಮಾತಾಡಿಕೊಳ್ಳುತ್ತಿದ್ದೆವು. ಎರಡನೆಯದರಲ್ಲಿ ಮಾತು ಅದೇ, ಆದರೆ ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ ಯಾರೋ ಮೂರನೆಯವರ ಜೊತೆ ಮಾತಾಡುತ್ತಿರುವ ಹಾಗಿತ್ತು. ಕ್ಯಾಮರಾ ನಮ್ಮಿಬ್ಬರ ನಡುವಿನ ಗೆರೆ ದಾಟಿ ಆಚೆ ಬದಿಗೆ ಹೋಗಿತ್ತು.

ಮಕ್ಕಳೇ, ನಮ್ಮೂರ ತೇರು ನೆನಪಿಸಿಕೊಳ್ಳಿ. ಅಂಗಡಿ ಸಾಲಿನಲ್ಲಿ ನಿಂತವರಿಗೆ ತೇರು ಎಡದಿಂದ ಬಲಕ್ಕೆ ಹೋಗುತ್ತದೆ. ಎದುರು ಸಾಲಿನ ಜಗಲಿಯ ಮೇಲೆ ನಿಂತವರಿಗೆ ಬಲದಿಂದ ಎಡಕ್ಕೆ. ಎರಡೂ ಕಡೆಯ ಚಿತ್ರ ತೆಗೆದು ಒಂದರ ಹಿಂದೆ ಒಂದು ಅಂಟಿಸಿದರೆ ತೇರು ಹೊರಟು ಅರ್ಧದಲ್ಲೇ ವಾಪಸ್ ಬಂದ ಹಾಗೆ ಕಾಣುತ್ತದೆ. ಇದಕ್ಕೆ ಅವರು ನೂರಾ ಎಂಬತ್ತು ಡಿಗ್ರಿ ನಿಯಮ ಎನ್ನುತ್ತಾರೆ. ಇನ್ನೊಂದು ಪಾಠ, ಹೊರಗಿನಿಂದ ಕೈ ಹಿಡಿಕೆಯ ಮೇಲೆ ಬೀಳುವುದನ್ನು ತೋರಿಸಿ, ಅದೇ ಚಲನೆ ನಡೆಯುತ್ತಿರುವಾಗಲೇ ಒಳಗಿನ ಚಿತ್ರಕ್ಕೆ ಹೋಗಬೇಕು. ಆಗ ನಡುವೆ ಕತ್ತರಿ ಬಿದ್ದಿದ್ದು ಯಾರಿಗೂ ತಿಳಿಯುವುದಿಲ್ಲ. ಆವತ್ತಿನಿಂದ ನಾನು ನೆಮ್ಮದಿಯಾಗಿ ಒಂದು ಧಾರಾವಾಹಿ ನೋಡಿಲ್ಲ.

ನಾಲ್ಕೂ ಜನ ಜಾಂಬಿ ಎಂದು ತೀರ್ಮಾನಿಸಿದ್ದು ಸೋಮಾರಿತನದಿಂದ. ಸಂಭಾಷಣೆ ಬೇಡ, ನಟನೆ ಬೇಡ, ಕೆಂಪು ಬಣ್ಣ ಇದ್ದರೆ ಸಾಕು. ಮೊದಲು ಬರೆದ ಕಥೆಯಲ್ಲಿ ಮೂವತ್ತು ಜಾಂಬಿ, ಸೈನ್ಯ, ಬಂದೂಕು, ಹೆಲಿಕಾಪ್ಟರ್ ಎಲ್ಲ ಇತ್ತಂತೆ. ಅವರ ಟೀಚರ್ ಬೇಡ ಎನ್ನಲಿಲ್ಲ. ನಿಮ್ಮ ಹತ್ತಿರ ಎರಡು ನಿಮಿಷ ಇದೆ, ನಾಲ್ಕು ಜನ ಇದ್ದೀರಿ, ದುಡ್ಡಿಲ್ಲ, ಇದರಲ್ಲಿ ನೋಡುವವರಿಗೆ ಯಾವುದು ಗೊತ್ತಾಗಬೇಕು, ಯಾವುದು ಗೊತ್ತಾಗಬಾರದು ಎಂದು ಬರೆದು ತನ್ನಿ ಎಂದರಂತೆ. ಬಂದೂಕಿಗೆ ಮಾತ್ರ ಖಡಾಖಂಡಿತವಾಗಿ ಇಲ್ಲ. ಆಟಿಕೆಯದಾದರೂ ಬೀದಿಯಲ್ಲಿ ಹಿಡಿದುಕೊಂಡು ಓಡಿದರೆ ಅಲ್ಲಿ ಪೊಲೀಸರು ಬರುತ್ತಾರೆ.

ಆಮೇಲೆ ಹಳೆಯ ಸಿನಿಮಾಗಳನ್ನು ನೋಡಲು ಕೂತರು. ಒಂದು ರಾತ್ರಿ ನನಗೆ ರಜೆ. ಅವನು ಹಾಲ್‌ನಲ್ಲಿ 'ನೈಟ್ ಆಫ್ ದ ಲಿವಿಂಗ್ ಡೆಡ್' ಹಾಕಿಕೊಂಡಿದ್ದ. ಜಾರ್ಜ್ ರೊಮೆರೊ 1968ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಹತ್ತಿರ ಮಾಡಿದ ಕಪ್ಪು ಬಿಳುಪು ಚಿತ್ರ. ಖರ್ಚು ಒಂದು ಲಕ್ಷ ಡಾಲರಿಗೆ ತುಸು ಹೆಚ್ಚು, ಸಿನಿಮಾ ಲೆಕ್ಕದಲ್ಲಿ ಚಿಲ್ಲರೆ ಕಾಸು. ಬಣ್ಣ ಇಲ್ಲದ್ದರಿಂದ ರಕ್ತಕ್ಕೆ ಚಾಕೊಲೇಟ್ ಪಾಕ. ತಮಾಷೆ ಎಂದರೆ ಆ ಚಿತ್ರದಲ್ಲಿ ಜಾಂಬಿ ಎಂಬ ಪದವನ್ನು ಯಾರೂ ಉಚ್ಚರಿಸುವುದಿಲ್ಲ. ಬಿಡುಗಡೆಗೆ ಮುಂಚೆ ಹೆಸರು ಬದಲಿಸುವಾಗ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಯಿತು. ಆಗಿನ ಕಾನೂನಿನ ಪ್ರಕಾರ ಅದು ಎಲ್ಲರ ಸ್ವತ್ತಾಗಿಬಿಟ್ಟಿತು. ಒಂದು ಸಾಲು ಬರೆಯಲು ಮರೆತು ಆಸ್ತಿ ಕಳಕೊಂಡ ಹಾಗೆ.

ನಾನು ನಿಂತೇ ನೋಡಿದೆ, ಮಾತು ಬಿಟ್ಟವನಲ್ಲವೇ! ಖಾಲಿ ರಸ್ತೆಯಲ್ಲಿ ಒಂದು ಕಾರು ಬರುತ್ತದೆ. ಅಣ್ಣ ತಂಗಿ ತಂದೆಯ ಸಮಾಧಿಗೆ ಹೂವಿಡಲು ಬಂದಿದ್ದಾರೆ. ಅಣ್ಣ ತಂಗಿಯನ್ನು ರೇಗಿಸುತ್ತಾನೆ. ಹಿಂದೆ, ತುಂಬ ದೂರದಲ್ಲಿ, ಸಮಾಧಿಗಳ ನಡುವೆ ಒಬ್ಬ ಮನುಷ್ಯ ನಿಧಾನವಾಗಿ ನಡೆಯುತ್ತಿದ್ದಾನೆ. ಅವನೂ ಯಾರಿಗೋ ಹೂವು ಇಡಲು ಬಂದಿರಬೇಕು ಎಂದು ನಾವು ಸುಮ್ಮನಿರುತ್ತೇವೆ. ಅಲ್ಲೇ ಇರುವುದು ಭಯ. ನನಗೆ ಗೊತ್ತಿಲ್ಲದೆ ಸೋಫಾದಲ್ಲಿ ಕೂತಿದ್ದೆ.

ಅವತ್ತು ಮಗ ತುಂಬ ಹೇಳಿದ. ಜಾಂಬಿ ಹುಟ್ಟಿದ್ದು ಹೈಟಿಯಲ್ಲಿ. ಅಲ್ಲಿ ಫ್ರೆಂಚರ ಕಬ್ಬಿನ ತೋಟಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ದುಡಿದು ಸಾಯುತ್ತಿದ್ದರು. ಅಲ್ಲಿನ ಜನರ ನಂಬಿಕೆಯ ಜಾಂಬಿ ಕಚ್ಚುವುದಿಲ್ಲ. ಅದು ಸತ್ತ ಮೇಲೂ ಇನ್ನೊಬ್ಬನ ಹೊಲದಲ್ಲಿ ದುಡಿಯುವ ದೇಹ. ಸಾವಿನಲ್ಲೂ ಬಿಡುಗಡೆ ಇಲ್ಲ ಎಂಬುದೇ ಅದರ ಹೆದರಿಕೆ. 1932ರ 'ವೈಟ್ ಜಾಂಬಿ' ಚಿತ್ರದಲ್ಲಿ ಅವು ಸಕ್ಕರೆ ಗಿರಣಿಯಲ್ಲಿ ಗಾಣ ತಿರುಗಿಸುತ್ತವೆ. ಕಚ್ಚುವುದು, ತಿನ್ನುವುದು ಬಂದಿದ್ದು ರೊಮೆರೊ ನಂತರ. 2002ರ '28 ಡೇಸ್ ಲೇಟರ್' ಚಿತ್ರಕ್ಕೆ ಬೆಳಗಿನ ಜಾವ ಕೆಲವೇ ನಿಮಿಷ ವಾಹನ ತಡೆದು ಖಾಲಿ ಲಂಡನ್ ತೋರಿಸಿದರು. 2004ರ 'ಷಾನ್ ಆಫ್ ದ ಡೆಡ್'ನ ಶುರುವಿನಲ್ಲಿ ಜಾಂಬಿಗಳೇ ಇಲ್ಲ. ಅಂಗಡಿಯ ಕೌಂಟರಿನಲ್ಲಿ, ಬಸ್ ಸ್ಟಾಪಿನಲ್ಲಿ ನಿತ್ಯದ ಜನ, ಆದರೆ ನೋಡಿದರೆ ಸತ್ತವರ ಹಾಗೆ. ಇಷ್ಟನ್ನು ಇವನು ಯಾವ ಗೈಡಿನಿಂದಲೂ ಬಾಯಿಪಾಠ ಮಾಡಿರಲಿಲ್ಲ. ಕೇಳಿದಷ್ಟೂ ಹೇಳುತ್ತಿದ್ದ. ನನ್ನ ರಜೆಯ ರಾತ್ರಿ ಹಾಗೇ ಕಳೆಯಿತು.

ಕೊನೆಗೆ ಅವರ ಕಥೆ ಇಷ್ಟಕ್ಕೆ ಬಂದು ನಿಂತಿತು. ನಸುಕಿನಲ್ಲಿ ಒಂದು ಬಸ್ ಸ್ಟಾಪ್. ಒಬ್ಬ ಹುಡುಗಿ ಕಿವಿಗೆ ಹಾಡು ಹಾಕಿಕೊಂಡು ಕಾಯುತ್ತಿದ್ದಾಳೆ. ರಸ್ತೆಯ ತುದಿಯಲ್ಲಿ ಒಬ್ಬ ನಡೆದು ಬರುತ್ತಿದ್ದಾನೆ. ದಣಿದವನೋ ಸತ್ತವನೋ ನಮಗೆ ಗೊತ್ತಾಗುವುದಿಲ್ಲ. ಅವಳು ನೋಡುವುದಿಲ್ಲ. ಅವಳು ಕಿವಿಯಿಂದ ತಂತಿ ತೆಗೆದು ತಿರುಗುವ ಹೊತ್ತಿಗೆ ತೆರೆ ಕಪ್ಪಾಗಿ ಚಿತ್ರದ ಹೆಸರು.

'ಅಪ್ಪಾ, ಆ ಪಾತ್ರಕ್ಕೆ ನೀನು ಬರ್ತೀಯಾ?' ಎಂದ.

'ನನಗೆ ನಟನೆ ಬರಲ್ಲ ಕಣೋ.'

'ನಟನೆ ಬೇಡ. ನೈಟ್ ಡ್ಯೂಟಿ ಮುಗಿಸಿ ಬರ್ತೀಯಲ್ಲ, ಹಾಗೆ ನಡೆದರೆ ಸಾಕು.'

ಫೋನಿನಲ್ಲಿ ತೋರಿಸಿದ. ಅವನ ಕೋಣೆಯ ಕಿಟಕಿಯಿಂದ ಎರಡು ಮೂರು ದಿನ ನನ್ನನ್ನು ಚಿತ್ರ ತೆಗೆದಿದ್ದ. ಬೀದಿಯ ತಿರುವಿನಿಂದ ನಮ್ಮ ಮನೆಯ ಗೇಟಿನವರೆಗೆ. ಹೆಗಲ ಮೇಲೆ ಚೀಲ, ಕುತ್ತಿಗೆ ಮುಂದಕ್ಕೆ ಬಾಗಿದೆ, ಬಲಗಾಲು ನೆಲ ಬಿಟ್ಟು ಏಳುತ್ತಿಲ್ಲ, ಉಜ್ಜುತ್ತಾ ಬರುತ್ತಿದೆ. ಪಕ್ಕದ ಮನೆಯಾಕೆ ಕೈ ಬೀಸುತ್ತಾರೆ, ನಾನು ನೋಡದೆ ಮುಂದೆ ಹೋಗುತ್ತೇನೆ. ಹನ್ನೆರಡು ಗಂಟೆಯ ಪಾಳಿ. ಆ ಮನುಷ್ಯ ಯಾರು ಎಂದು ಒಂದು ಕ್ಷಣ ಗುರುತು ಸಿಗಲಿಲ್ಲ. ಮಗ ದಿನಾ ಬೆಳಿಗ್ಗೆ ಆ ಕಿಟಕಿಯಲ್ಲಿ ನಿಲ್ಲುತ್ತಿದ್ದ ಎಂಬುದೇ ನನಗೆ ಗೊತ್ತಿರಲಿಲ್ಲ. ಮಲಗಿದ್ದಾನೆ ಅಂದುಕೊಂಡು ಸದ್ದಾಗದ ಹಾಗೆ ಬೀಗ ತೆಗೆಯುತ್ತಿದ್ದೆ.

ಬೇಜಾರಾಯಿತು. ಸುಳ್ಳು ಹೇಳಲ್ಲ, ಸಿಟ್ಟೂ ಬಂತು. ಮಾರನೆಯ ದಿನ ಆಗಲಿ ಎಂದೆ.

ಕಚ್ಚಿದ ಗಾಯ ಹೇಗಿರುತ್ತದೆ ಎಂದು ಆ ಮಕ್ಕಳು ನನ್ನನ್ನೇ ಕೇಳಿದರು. ನನಗೆ ಗೊತ್ತಿದ್ದ ಗಾಯ ಒಂದಿತ್ತು. ಒಂಬತ್ತನೇ ಕ್ಲಾಸಿನಲ್ಲಿ, ಇದೇ ಗೇಟಿನ ಹೊರಗೆ, ಹುಚ್ಚುನಾಯಿ ನನ್ನ ಮೀನಖಂಡ ಕಚ್ಚಿತ್ತು. ಆಗ ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಇಂಜೆಕ್ಷನ್. ಅಪ್ಪ ಕೂಲಿ ಬಿಡುವ ಹಾಗಿರಲಿಲ್ಲ. ನಮ್ಮ ಡ್ರಿಲ್ ಮಾಸ್ತರು ಹದಿನಾಲ್ಕು ದಿನವೂ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ಏರಿನಲ್ಲಿ ಇಳಿದು ತಳ್ಳುತ್ತಿದ್ದರು, ನನ್ನನ್ನು ಇಳಿಸುತ್ತಿರಲಿಲ್ಲ. ಅವರು ಈಗಿಲ್ಲ. ನಾನು ನರ್ಸ್ ಆಗಿದ್ದಕ್ಕೆ ಕಾರಣ ಯಾರಾದರೂ ಕೇಳಿದರೆ ಆ ಏರು ನೆನಪಾಗುತ್ತದೆ. ಮಕ್ಕಳೇ, ಈಗ ಆ ಇಂಜೆಕ್ಷನ್ ಇಲ್ಲ, ತೋಳಿಗೆ ಹಾಕುತ್ತಾರೆ. ನಾಯಿ ಕಚ್ಚಿದರೆ ಮುಚ್ಚಿಡಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ರೋಗ ಕಾಣಿಸಿಕೊಂಡ ಮೇಲೆ ನಾವು ಯಾರೂ ಏನೂ ಮಾಡಲಾಗುವುದಿಲ್ಲ. ಈ ಕಥೆಯನ್ನು ಅವತ್ತೇ ಮೊದಲು ನನ್ನ ಮಗನಿಗೂ ಹೇಳಿದ್ದು. ಅವನು ತನ್ನ ವಹಿಯಲ್ಲಿ ಏನೋ ಬರೆದುಕೊಂಡ.

ಚಿತ್ರೀಕರಣ ಫೆಬ್ರವರಿಯ ಒಂದು ಭಾನುವಾರ. ಹಲ್ಲು ಕಟಕಟ ಎನ್ನುವ ಚಳಿ. ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ, ಚಿಟಿಕೆ ಕೋಕೋ ಹಾಕಿದರೆ ರಕ್ತ. ಅದು ಅಂಗಿಯ ತೋಳಿಗೆ ಅಂಟಿ ಸಂಜೆವರೆಗೂ ಬಿಡಲಿಲ್ಲ. ಮುನ್ನೂರು ಅಡಿ ರಸ್ತೆಯನ್ನು ಹನ್ನೊಂದು ಸಲ ನಡೆದೆ. ಮೊದಲ ಐದು ಸಲ 'ಅಂಕಲ್, ನೀವು ನಟಿಸುತ್ತಿದ್ದೀರಿ' ಎಂದು ನಿಲ್ಲಿಸಿದರು. ಆಮೇಲೆ ನಿಜವಾಗಿಯೂ ದಣಿದೆ, ಸರಿ ಎಂದರು.

ಮನೆಗೆ ಬಂದು ಜೋಡಿಸುವಾಗ ಗೊತ್ತಾಯಿತು, ಚಹಾ ಕುಡಿಯುವ ಮುಂಚೆ ಬ್ಯಾಂಡೇಜ್ ಎಡಗೈಯಲ್ಲಿದೆ, ಕುಡಿದ ಮೇಲೆ ಬಲಗೈಯಲ್ಲಿ. ಕಟ್ಟಿದವನು ನಾನೇ, ಇಪ್ಪತ್ತು ವರ್ಷದ ಅನುಭವದ ನರ್ಸ್! ಮುಂದಿನ ವಾರ ಮತ್ತೆ ಹೋದರೆ ಬಸ್ ಸ್ಟಾಪಿನ ಜಾಹೀರಾತು ಬದಲಾಗಿತ್ತು. ಅದು ಕಾಣದ ಹಾಗೆ ಹತ್ತಿರದಿಂದ ತೆಗೆದರು. ಹಾಗೆ ತೆಗೆದದ್ದೇ ಕೊನೆಗೆ ಚೆನ್ನಾಗಿ ಬಂದಿದ್ದು. ಕಾಲಿನ ಸದ್ದಿಗೆ ನಮ್ಮ ಅಡುಗೆಮನೆಯಲ್ಲಿ ಒದ್ದೆ ಬಟ್ಟೆ ಎಳೆದರು, ಮೂಳೆ ಮುರಿಯುವ ಸದ್ದಿಗೆ ಸೆಲರಿ ಸೊಪ್ಪಿನ ದಂಟು ಮುರಿದರು. ಒಟ್ಟು ಎರಡು ನಿಮಿಷ ನಲವತ್ತು ಸೆಕೆಂಡು ಆಗಿತ್ತು. ನಲವತ್ತು ಸೆಕೆಂಡು ಕತ್ತರಿಸಲು ನಾಲ್ಕು ಜನ ಒಂಬತ್ತು ದಿನ ಜಗಳಾಡಿದರು. ಒಬ್ಬ ಗುಂಪು ಬಿಡುತ್ತೇನೆಂದು ಅತ್ತ. ಕತ್ತರಿಗೆ ಹೋದದ್ದರಲ್ಲಿ ನನ್ನ ಮುಖವೂ ಇತ್ತು. ಬಣ್ಣ ಬಳಿಯಲು ಒಂದೂವರೆ ಗಂಟೆ ಹಿಡಿದಿದ್ದ ಮುಖ. ಮುಖ ಕಂಡರೆ ಭಯ ಹೋಗುತ್ತದೆ ಎಂದ ಮಗ. ಹೌದು, ಅವನು ಹೇಳಿದ್ದು ಸರಿ.

ನೋಡಿದವರ ಅಭಿಪ್ರಾಯವನ್ನೂ ಕೇಳಿದರು. ನನ್ನ ಹೆಂಡತಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹೆದರಿಕೆ ಆಯಿತಾ ಎಂದರೆ, 'ಇಲ್ಲ, ಕರೆದು ಊಟ ಹಾಕೋಣ ಅನ್ನಿಸಿತು' ಎಂದಳು. ಮಗ ಅದನ್ನೂ ಹಾಗೇ ಬರೆದ. ಅಂಕ ಸುಮಾರಾಗಿ ಬಂತು, ಯೋಜನೆಗೆ ಮಾತ್ರ ಪೂರ್ತಿಗೆ ಹತ್ತಿರ. ಅವನು ಸಿನಿಮಾದವನೇನೂ ಆಗಲಿಲ್ಲ, ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಾನೆ. ನಾನು ಆ ವರ್ಷವೇ ಅರ್ಜಿ ಕೊಟ್ಟು ರಾತ್ರಿ ಪಾಳಿಯನ್ನು ವಾರಕ್ಕೆ ಒಂದಕ್ಕೆ ಇಳಿಸಿಕೊಂಡೆ. ಸಂಬಳ ಕಡಿಮೆಯಾಯಿತು, ಬೆಳಿಗ್ಗೆ ತಿಂಡಿಗೆ ಮೂರು ಜನ ಕೂರುವಂತಾಯಿತು.

ನಿನ್ನೆ ಒಂಬತ್ತನೇ ತರಗತಿಯ ಕೆಲವು ಮಕ್ಕಳು ಸಿಕ್ಕಿದ್ದರು. ನಾವೂ ಜಾಂಬಿ ಸಿನಿಮಾ ಮಾಡುತ್ತೇವೆ ಸಾರ್, ಇಡೀ ಸ್ಕೂಲೇ ಜಾಂಬಿ ಎಂದರು. ಇಡೀ ಸ್ಕೂಲು ಬೇಡ, ಮೊದಲು ಒಂದು ಬಾಗಿಲು ತೆಗೆಯಿರಿ ಎಂದಿದ್ದೇನೆ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಒಂದು ಸ್ಟ್ಯಾಂಡ್ ತಂದಿದ್ದೇನೆ, ಫೋನ್ ಸಿಕ್ಕಿಸುವಂಥದ್ದು, ಸ್ಟಾಫ್ ರೂಮಿನಲ್ಲಿ ಬಿಟ್ಟು ಹೋಗುತ್ತೇನೆ. ನಾನು ಊರಿನಲ್ಲಿ ಇನ್ನೂ ನಾಲ್ಕು ದಿನ ಇರುತ್ತೇನೆ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಹಳೆಯ ಲ್ಯಾಬಿನ ಹತ್ತಿರ ಬನ್ನಿ. ಹೆಂಚಿನ ಆ ಕಟ್ಟಡದ ಬಾಗಿಲು ನಮ್ಮ ಕಾಲದಿಂದಲೂ ಕಿರುಗುಟ್ಟುತ್ತದೆ. ಹಬ್ಬಕ್ಕೆಂದು ಅದಕ್ಕೆ ಎಣ್ಣೆ ಬಿಡಲು ಹೊರಟಿದ್ದರು. ಸದ್ಯಕ್ಕೆ ಬೇಡ ಎಂದು ಹೇಳಿ ಬಂದಿದ್ದೇನೆ.