ಗ್ಯಾಸ್ ಎಲ್ಲಿ ಹೋಯ್ತು? ಒಂದು ಹಳೇ ಎಸಿ, ಒಂದು ಸ್ಲ್ಯಾಬ್ ಮತ್ತು ನಮ್ಮ ಆಯಿ

ಜಮಖಂಡಿಯಿಂದ ಮಾತಾಡ್ತಿದ್ದೀನಿ. ಹಿಂದಿನ ಕಂತು ಕೇಳಿದ ಮೇಲೆ ಮುಧೋಳದಿಂದ ಒಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದರು: "ಅಣ್ಣಾ, ಹಳೇ ಎಸಿ ರಿಪೇರಿ ಮಾಡಿಸ್ಲ್ಯೋ, ಹೊಸದು ತಗೊಳ್ಲ್ಯೋ?" ಇದಕ್ಕೆ ಒಂದೇ ಸಾಲಿನಲ್ಲಿ ಉತ್ತರ ಕೊಡೋಕೆ ನನ್ನಿಂದ ಆಗಲ್ಲ. ಇದೇ ಪ್ರಶ್ನೆಗೆ ನಮ್ಮ ಮನೆಯವರು ಮೂರು ಬೇಸಿಗೆ ದುಡ್ಡು ಸುರಿದಿದ್ದೇವೆ. ಆ ಕತೆನೇ ಹೇಳ್ತೀನಿ.

ನಮ್ಮದು ಮೊದಲು ಮಣ್ಣಿನ ಮಾಳಿಗೆ ಮನೆ. ಜಂತಿ, ಅದರ ಮೇಲೆ ಹಲಗೆ, ಅದರ ಮೇಲೆ ಮೊಳ ದಪ್ಪ ಮಣ್ಣು. ಮಳೆಗಾಲದಲ್ಲಿ ಸೋರುತ್ತೆ ಅಂತ ಕೆಡವಿ ಸ್ಲ್ಯಾಬ್ ಹಾಕಿಸಿದೆವು. ಸೋರೋದು ನಿಂತಿತು, ಝಳ ಶುರುವಾಯ್ತು. ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿದು ಕೂತಿರುತ್ತೆ, ಸೂರ್ಯ ಮುಳುಗಿದ ಮೇಲೆ ಆ ಬಿಸಿನ ಕೆಳಗೆ ಬಿಡೋಕೆ ಶುರು ಮಾಡುತ್ತೆ. ಅದಕ್ಕೇ ನೋಡ್ರಿ, ಮಧ್ಯಾಹ್ನಕ್ಕಿಂತ ರಾತ್ರಿ ಒಂಬತ್ತರ ಹೊತ್ತಿಗೆ ಮನೆ ಒಳಗೆ ಹೆಚ್ಚು ಕುದೀತದ. ಹೊರಗೆ ತಂಪು ಗಾಳಿ, ಒಳಗೆ ಹಂಚಿನ ಮೇಲೆ ರೊಟ್ಟಿ ಇಟ್ಟಂಗ.

ಆಯಿಯ ಕೋಣೆ ಪಶ್ಚಿಮಕ್ಕಿದೆ. 2023ರಲ್ಲಿ ಅಪ್ಪ ಪರಿಚಯದವರ ಕಡೆಯಿಂದ ಒಂದೂವರೆ ಟನ್ನಿನ ಸೆಕೆಂಡ್ ಹ್ಯಾಂಡ್ ಎಸಿ ತಂದರು, 14 ಸಾವಿರಕ್ಕೆ. ಫಿಟ್ ಮಾಡಿದ ತಿಂಗಳಲ್ಲೇ ತಂಪು ಕಡಿಮೆ. ಮೆಕ್ಯಾನಿಕ್ ಬಂದು ಗೇಜ್ ಹಚ್ಚಿ, "ಗ್ಯಾಸ್ ಖಾಲಿ ಆಗೇತ್ರಿ" ಅಂದ. 2,800 ರೂಪಾಯಿ. 2024ರಲ್ಲಿ ಮತ್ತೆ ಅದೇ ಮಾತು, ಅದೇ 2,800. 2025ರಲ್ಲೂ ತುಂಬಿಸಿದೆವು, ಮೂರೇ ವಾರಕ್ಕೆ ಬರೀ ಫ್ಯಾನಿನ ಗಾಳಿ. ಆ ಏಪ್ರಿಲ್‌ನ ಒಂದು ರಾತ್ರಿ ಆಯಿ ಎದ್ದು ಬಚ್ಚಲಿಗೆ ಹೋಗುವಾಗ ಕುಸಿದು ಬಿದ್ದಳು. ಮೈ ಕಾದಿತ್ತು, ಮಾತು ತಡವರಿಸ್ತಿತ್ತು, ನನ್ನ ಹೆಸರು ಬಿಟ್ಟು ನಮ್ಮ ಕಾಕಾನ ಹೆಸರು ಕರೀತಿದ್ದಳು. ಆಸ್ಪತ್ರೆಯಲ್ಲಿ ಎರಡು ಬಾಟಲಿ ಸಲೈನ್ ಹಾಕಿದರು, ಬೆಳಗಾದ ಮೇಲೆ ಸರಿಹೋದಳು. ಕಿಟಕಿ ಬಾಗಿಲು ಮುಚ್ಚಿಕೊಂಡು ಕೆಟ್ಟ ಎಸಿ ಕೆಳಗೆ ಮಲಗಿಸಿದ್ದು ನಾವೇ. ಅದು ನನ್ನ ತಲೆಯಿಂದ ಹೋಗಿಲ್ಲ.

ಆಮೇಲೆ ಬನಹಟ್ಟಿಯಿಂದ ಒಬ್ಬ ಹುಡುಗನ್ನ ಕರೆಸಿದೆ, ನನಗಿಂತ ಚಿಕ್ಕವ. ಅವ ಕೇಳಿದ ಮೊದಲ ಪ್ರಶ್ನೆ: "ಹೋದ ಸಲ ತುಂಬಿದ ಗ್ಯಾಸ್ ಎಲ್ಲಿ ಹೋಯ್ತ್ರಿ?" ನಾನು ಪಿಳಿಪಿಳಿ ನೋಡಿದೆ. "ಅಣ್ಣಾರ, ಗ್ಯಾಸ್ ಏನು ಪೆಟ್ರೋಲ್ ಅಲ್ರಿ, ಸುಟ್ಟು ಖಾಲಿ ಆಗಾಕ" ಅಂದ.

ಫೋನಿನಲ್ಲಿ ಕೇಳ್ತಿರೋರು ಇದೊಂದನ್ನ ನೆನಪಿಡಿ. ಎಸಿ ಒಳಗಿನ ಗ್ಯಾಸ್ ಮುಚ್ಚಿದ ಪೈಪಿನಲ್ಲಿ ಸುತ್ತುತ್ತಲೇ ಇರುತ್ತೆ. ಒಳಗೆ ಬಿಸಿ ಹೀರಿ, ಹೊರಗಿನ ಡಬ್ಬಿಯಲ್ಲಿ ಬಿಟ್ಟು ಬರುತ್ತೆ. ಕಡಿಮೆ ಆಗಿದೆ ಅಂದ್ರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕದೆ ತುಂಬಿಸೋದು, ತೂತಿನ ಕೊಡಕ್ಕೆ ನೀರು ಹಾಕಿದಂಗ. ಆ ಹುಡುಗ ಪೈಪಿಗೆ ನೈಟ್ರೋಜನ್ ಒತ್ತಿ, ಜೋಡಣೆಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿದ. ಜೋಡಣೆ ಎಲ್ಲ ಗಟ್ಟಿ ಇದ್ದವು. ಒಳಗಿನ ಕಾಯಿಲ್ ಮೇಲೆ ಸಣ್ಣ ಗುಳ್ಳೆ ಎದ್ದವು. ಜೋಡಣೆಯಲ್ಲಿ ಲೀಕ್ ಇದ್ದಿದ್ರೆ ಕೆಲವು ನೂರು ರೂಪಾಯಿಯ ಕೆಲಸ. ಕಾಯಿಲ್ ಹೊಸದು ಅಂದ್ರೆ 9 ಸಾವಿರ ಹೇಳಿದ, ಮೇಲೆ ಗ್ಯಾಸ್ ಬೇರೆ. ಅದೂ ಆರ್-22. ಓಝೋನ್ ಪದರಕ್ಕೆ ಹಾನಿ ಅಂತ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಜಗತ್ತೇ ಬಿಡ್ತಿರೋ ಗ್ಯಾಸ್. ಹೊಸ ಎಸಿಗಳಲ್ಲಿ ಬಹಳಷ್ಟು ಆರ್-32 ಇರುತ್ತೆ. ಅದನ್ನ ಹಳೇ ಆರ್-22 ಎಸಿಗೆ ತುಂಬ್ತೀನಿ ಅಂತ ಯಾರಾದರೂ ಅಂದ್ರೆ ಒಪ್ಪಬೇಡಿ, ಅದರ ಒತ್ತಡನೇ ಬೇರೆ, ಬೆಂಕಿ ಹತ್ತೋ ಗುಣವೂ ಸ್ವಲ್ಪ ಇದೆ.

"ಇಷ್ಟು ಹಾಕೀವಿ, ಇನ್ನೊಂದಿಷ್ಟು ಹಾಕಿದ್ರ ಸರಿ ಆಗ್ತದ" ಅಂದರು ಅಪ್ಪ. ಬಿಕಾಂನಲ್ಲಿ ಇದಕ್ಕೆ ಸಂಕ್ ಕಾಸ್ಟ್ ಅಂತ ಒಂದು ಪಾಠ ಇತ್ತು, ಪರೀಕ್ಷೆಯಲ್ಲಿ ಬರೆದು ಮರೆತಿದ್ದೆ. ಎಸಿಗೆ 14 ಸಾವಿರ, ಗ್ಯಾಸಿಗೆ 8,400. ಎರಡೂ ಹೋದ ದುಡ್ಡು. ಮುಂದೆ ಹೋಗೋ ದುಡ್ಡು ಎಷ್ಟು ಅಂತ ನೋಡಬೇಕಿತ್ತು.

ಹಾಗಾಗಿ ಹೆಸ್ಕಾಂ ಬಿಲ್ ತೆಗೆದೆ. ಎಸಿ ಸರಿ ಇದ್ದ ದಿನಗಳಲ್ಲಿ ರಾತ್ರಿ ಹತ್ತಕ್ಕೆ, ಬೆಳಿಗ್ಗೆ ಆರಕ್ಕೆ ಮೀಟರ್ ಫೋಟೋ ಹೊಡೆದಿಟ್ಟಿದ್ದೆ. ಎಸಿಯ ಪಾಲು ರಾತ್ರಿಗೆ ಸುಮಾರು 8 ಯೂನಿಟ್, ತಿಂಗಳಿಗೆ 240. ಉಳಿದ ಮನೆ ಖರ್ಚು 95. ಗೃಹಜ್ಯೋತಿ ಲೆಕ್ಕ ಗೊತ್ತಲ್ಲ, 2022-23ರ ಸರಾಸರಿಯ ಮೇಲೆ ಶೇ 10 ಸೇರಿಸಿ ಉಚಿತ. ನಮ್ಮ ಸರಾಸರಿ 120, ಅಂದ್ರೆ 132 ಯೂನಿಟ್ ತನಕ ಪುಕ್ಕಟೆ. 200ರೊಳಗೆ ಇದ್ರೆ ಮೇಲಿನಷ್ಟಕ್ಕೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್. ನಮಗೆ ಆ ತಿಂಗಳು ಎರಡು ಸಾವಿರದ ಮೇಲೆ ಬಂದಿತ್ತು. ಇನ್ವರ್ಟರ್ ಫೈವ್ ಸ್ಟಾರ್ ಹೊಸ ಎಸಿ ತಗೊಂಡು 24-26 ಡಿಗ್ರಿಗೆ ಇಟ್ಟರೆ ಯೂನಿಟ್ ಇಳಿಯುತ್ತೆ, ಖರೆ. ಒಂದು ಡಿಗ್ರಿ ಏರಿಸಿದ್ರೆ ಸುಮಾರು ಶೇ 6 ಉಳಿಯುತ್ತೆ ಅಂತ ಸ್ಟಾರ್ ಕೊಡೋ ಬಿಇಇನೇ ಹೇಳುತ್ತೆ. ಆದರೆ ಕಾದ ಸ್ಲ್ಯಾಬ್ ಕೆಳಗೆ ಯಾವ ಎಸಿ ಆದ್ರೂ ಮೊದಲು ಜಗಳ ಆಡೋದು ಸ್ಲ್ಯಾಬ್ ಜೊತೆನೇ.

ಹಂಗಾಗಿ ಮೊದಲು ಮೇಲೆ ಹತ್ತಿದೆವು. ಸ್ಲ್ಯಾಬ್ ತೊಳೆದು ಬಿಳಿ ಕೂಲ್ ರೂಫ್ ಪೇಂಟ್ ಎರಡು ಕೋಟ್. ದುಡ್ಡಿಲ್ಲದಿದ್ರೆ ಸುಣ್ಣನೂ ನಡೆಯುತ್ತೆ, ವರ್ಷಾ ವರ್ಷಾ ಬಳಿಬೇಕು ಅಷ್ಟೇ. ತೆಲಂಗಾಣ ಸರ್ಕಾರ 2023ರಲ್ಲಿ ಇದಕ್ಕೇ ಅಂತ ಒಂದು ನೀತಿ ಮಾಡಿದೆ, ನಮ್ಮಲ್ಲಿ ಇನ್ನೂ ಬಣ್ಣ ಅಂದ್ರೆ ಗೋಡೆಗೆ ಅಂತಲೇ ಲೆಕ್ಕ. ಬಣ್ಣ ಹಚ್ಚಿದ ಮೂರನೇ ರಾತ್ರಿ ಅವ್ವ ಕೈ ಎತ್ತಿ ಮಾಳಿಗೆ ಮುಟ್ಟೋಕೆ ಹೋದಳು, ಎಟುಕಲಿಲ್ಲ, ಆದ್ರೂ "ಕಡಿಮಿ ಐತಿ" ಅಂದಳು.

ಆಮೇಲೆ ಕೂಲರ್. ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಗಾಳಿ ಒಣ, ಅದಕ್ಕೇ ಕೂಲರ್ ಇಲ್ಲಿ ಕೆಲಸ ಮಾಡುತ್ತೆ. ಜೂನ್‌ನಲ್ಲಿ ಮೋಡ ಕಟ್ಟಿದ ಮೇಲೆ ಬರೀ ಜಿಗಿಜಿಗಿ. ಬಹಳ ಮಂದಿ ಬಾಗಿಲು ಮುಚ್ಚಿ ಕೂಲರ್ ಹಚ್ತಾರೆ, ಅದು ತಪ್ಪು. ಕಿಟಕಿಯಿಂದ ಒಳಗೆ ಊದಬೇಕು, ಎದುರಿನ ಬಾಗಿಲಿಂದ ಗಾಳಿ ಹೊರಗೆ ಹೋಗಬೇಕು. ಬೋರ್‌ವೆಲ್ ನೀರಾದರೆ ಪ್ಯಾಡ್ ಮೇಲೆ ಬಿಳಿ ಉಪ್ಪು ಕಟ್ಟುತ್ತೆ, ವಾರಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿ. ನಮ್ಮದು 180 ವಾಟ್, ರಾತ್ರಿಗೆ ಒಂದೂವರೆ ಯೂನಿಟ್, ತಿಂಗಳಿಗೆ 45. ಒಟ್ಟು 140. ಎಂಟು ಯೂನಿಟ್ಟಿನ ದುಡ್ಡು ಕಟ್ಟಿದೆವು.

ಒಂದು ಮಾತ್ರ ನಗೋ ವಿಷಯ ಅಲ್ಲ. ಕೂಲರ್ ತಂದ ಎರಡನೇ ದಿನ ಆಯಿ ಒದ್ದೆ ಕೈಲಿ ಮುಟ್ಟಿ "ಜುಮ್ ಅಂತು" ಅಂದಳು. ತಗಡಿನ ಬಾಡಿ, ನೀರು, ಮನೆಗೆ ಅರ್ಥಿಂಗೇ ಇಲ್ಲ. ಮೂರು ಪಿನ್ನಿನ ಪ್ಲಗ್ ಇತ್ತು, ಮೂರನೇ ಪಿನ್ನಿಗೆ ವೈರೇ ಇರಲಿಲ್ಲ. ಅವತ್ತೇ ಬಂದ್ ಮಾಡಿ, ಅರ್ಥಿಂಗ್ ಹೊಡೆಸಿ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿಸಿದೆವು. ಕೂಲರ್ ಇದ್ದವರು ಈ ಕಂತು ಮುಗಿಯೋ ಮೊದಲು ಎದ್ದು ನಿಮ್ಮ ಪ್ಲಗ್ ನೋಡ್ರಿ. ನೀರು ಹಾಕೋವಾಗ ಸ್ವಿಚ್ ಅಲ್ಲ, ಪ್ಲಗ್ಗೇ ಕಿತ್ತಿಡಿ.

ರಬಕವಿ-ಬನಹಟ್ಟಿಯವರಿಗೆ ಈ ಲೆಕ್ಕ ಪೂರ್ತಿ ಹೊಂದಲ್ಲ, ಗೊತ್ತು. ಅರ್ಧ ಮನೆ ಮಗ್ಗ ಇರುತ್ತೆ. ಜೋರು ಗಾಳಿ ಬಿಟ್ಟರೆ ನೂಲು ಹಾರುತ್ತೆ, ಎಸಿ ಹಾಕಿದ್ರೆ ಹತ್ತಿಯ ಧೂಳು ಫಿಲ್ಟರಿಗೆ ಕಟ್ಟುತ್ತೆ. ಅಲ್ಲಿ ಮೊದಲ ಖರ್ಚು ಮಾಳಿಗೆ ಬಣ್ಣವೇ. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದವರು ಹೇಳ್ತಾರೆ, ಮಣ್ಣಿನ ಮಾಳಿಗೆ ನೀರಾಗ ಹೋಯ್ತು, ಈಗ ಪತ್ರಾಸ್ ಕೆಳಗೆ ಕುಂತೀವಿ ಅಂತ. ಪತ್ರಾಸಿಗೆ ಬಿಳಿ ಬಣ್ಣ, ಒಳಗಡೆ ಒಂದು ಅಡಿ ಬಿಟ್ಟು ಬಿದಿರಿನ ತಟ್ಟಿ ಕಟ್ಟಿದರೂ ಬಹಳ ವ್ಯತ್ಯಾಸ ಆಗುತ್ತೆ.

ಮುಧೋಳದ ತಮ್ಮಾ, ನಿನಗೆ ನನ್ನ ಮಾತು ಇಷ್ಟು: ಮೊದಲು ಫಿಲ್ಟರ್ ತೊಳೆದು ನೋಡು. ಲೀಕ್ ಎಲ್ಲಿದೆ ಅಂತ ನೊರೆ ಹಚ್ಚಿ ತೋರಿಸು ಅನ್ನು. ಎಷ್ಟು ಗ್ರಾಂ ಗ್ಯಾಸ್, ಯಾವ ಗ್ಯಾಸ್ ಅಂತ ಬಿಲ್ ಮೇಲೆ ಬರೆಸಿಕೊ. ಜೋಡಣೆಯಲ್ಲಿದ್ರೆ ರಿಪೇರಿ ಮಾಡಿಸು, ಆರ್-22 ಎಸಿಯ ಕಾಯಿಲ್ ಆಗಿದ್ರೆ ಬಿಟ್ಟುಬಿಡು.

ನಮ್ಮ ಎಸಿ ಗುಜರಿಗೆ ಹೋಯ್ತು. ಆಯಿ ಈಗ ಕೂಲರ್ ಸಪ್ಪಳಕ್ಕೆ ನಿದ್ದಿ ಬರಂಗಿಲ್ಲ ಅಂತ ದಿನಾ ಬೈತಾಳೆ. ಬಂದ್ ಮಾಡಿದ್ರೆ ಎದ್ದು ಅದಕ್ಕೂ ಬೈತಾಳೆ. ಸರಿ, ಮುಂದಿನ ವಾರ ಸಿಗೋಣ್ರಿ.