ಕಂಪ್ಯೂಟರಿನಲ್ಲೇ ಇರುವ ಕ್ಯಾಲ್ಕ್ಯುಲೇಟರ್

(ವಿದ್ಯಾರ್ಥಿಗಳ ಶಿಬಿರದಲ್ಲಿ ಮಾಡಿದ ಭಾಷಣ)



ನಮ್ಮ ವಿದ್ಯಾರ್ಥಿಯೊಬ್ಬ ಒಮ್ಮೆ ಬಂದು, "ಸರ್, ಸೈಂಟಿಫಿಕ್ ಕ್ಯಾಲ್ಕ್ಯುಲೇಟರಿಗೆ ಅಬ್ಬಾನ ಹತ್ತಿರ ದುಡ್ಡು ಕೇಳೋಕೆ ಮನಸ್ಸಾಗೋದಿಲ್ಲ, ಕಂಪ್ಯೂಟರಿಗೆ ಹಾಕಿಕೊಳ್ಳುವಂಥದ್ದು ಇದೆಯಾ?" ಎಂದ. ಅಷ್ಟರಲ್ಲಾಗಲೇ ಯಾರದೋ ಪೆನ್ ಡ್ರೈವಿನಿಂದ ಕದ್ದ ಪ್ರತಿಯೊಂದನ್ನು ಹಾಕಿಕೊಂಡಿದ್ದ. ಜೊತೆಗೆ ವೈರಸ್ಸೂ ಬಂದಿತ್ತು. ಅವನಿಗೆ ಬೇಕಾದದ್ದು ಮೊದಲಿನಿಂದಲೂ ಅದೇ ಕಂಪ್ಯೂಟರಿನಲ್ಲಿತ್ತು.

ವಿಂಡೋಸ್‌ನ ಕ್ಯಾಲ್ಕ್ಯುಲೇಟರ್ ತೆರೆಯಿರಿ. ಹಳೆಯ ಎಕ್ಸ್‌ಪಿಯಲ್ಲಾದರೆ ವ್ಯೂ ಮೆನುವಿನಲ್ಲಿ, ವಿಂಡೋಸ್ 10 ಮತ್ತು 11ರಲ್ಲಾದರೆ ಎಡಮೂಲೆಯ ಮೂರು ಗೆರೆಗಳನ್ನು ಒತ್ತಿದಾಗ, ಸೈಂಟಿಫಿಕ್ ಎಂಬ ಆಯ್ಕೆ ಸಿಗುತ್ತದೆ. ಲಿನಕ್ಸ್ ಬಳಸುವವರಿಗೆ ಕೆ-ಕ್ಯಾಲ್ಕ್ ಇದೆ. ಇನ್ನೂ ಒಳ್ಳೆಯದು ಬೇಕೆನ್ನುವವರಿಗೆ ನನ್ನ ಸಲಹೆ ಸ್ಪೀಡ್‌ಕ್ರಂಚ್. ಉಚಿತ, ಮುಕ್ತ ತಂತ್ರಾಂಶ. ಮಾಡಿದ ಲೆಕ್ಕಗಳೆಲ್ಲ ಸಾಲಾಗಿ ಕಣ್ಣೆದುರಿಗೇ ಇರುವುದರಿಂದ ಎಲ್ಲಿ ಎಡವಿದೆವೆಂದು ತಿಳಿಯುತ್ತದೆ. ಹೀಗಿರುವಾಗ ಕದ್ದ ಪ್ರತಿ ಏಕೆ ಬೇಕು?

ಸಿಕ್ಕ ಮೇಲೆ ಪರೀಕ್ಷಿಸದೆ ನಂಬಬೇಡಿ. 2 + 3 × 4 ಒತ್ತಿ ನೋಡಿ. ವಿಂಡೋಸ್‌ನ ಸ್ಟ್ಯಾಂಡರ್ಡ್ ವಿಧಾನ 20 ಎನ್ನುತ್ತದೆ, ಸೈಂಟಿಫಿಕ್ ವಿಧಾನ 14 ಎನ್ನುತ್ತದೆ. ಮೊದಲಿನದು ಒತ್ತಿದ ಕ್ರಮದಲ್ಲೇ ಲೆಕ್ಕ ಮಾಡುತ್ತದೆ, ಎರಡನೆಯದು ಗುಣಾಕಾರವನ್ನು ಮೊದಲು ಮಾಡುತ್ತದೆ. ನಮಗೆ ಬೇಕಾದ ಉತ್ತರ 14. ಆಮೇಲೆ ಸೈನ್ 30 ನೋಡಿ. 0.5 ಬಂದರೆ ಡಿಗ್ರಿಯಲ್ಲಿದ್ದೀರಿ. ಮೈನಸ್ 0.988 ಬಂದರೆ ರೇಡಿಯನ್‌ನಲ್ಲಿದ್ದೀರಿ. ಇದೊಂದನ್ನು ಗಮನಿಸದೆ ಇಡೀ ಪ್ರಶ್ನೆಯ ಅಂಕ ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ. ನಾನೂ ಅವರಲ್ಲೊಬ್ಬ.

ಸೈನ್ ಎಂದಾಗ ಒಂದು ಮಾತು. ಸಂಸ್ಕೃತದ 'ಜ್ಯಾ', 'ಜೀವಾ' ಅರಬಿ ವಿದ್ವಾಂಸರ ಕೈಯಲ್ಲಿ 'ಜೀಬ' ಆಯಿತು. ಅರಬಿ ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲವಾದ್ದರಿಂದ ಮುಂದೆ ಅದನ್ನು 'ಜೈಬ್' ಎಂದು ಓದಿದರು. ಬಟ್ಟೆಯ ಮಡಿಕೆ ಎಂಬ ಆ ಅರ್ಥವನ್ನೇ ಹಿಡಿದು ಲ್ಯಾಟಿನ್ನಿನವರು 'ಸೈನಸ್' ಎಂದರು. ನಾವು ದಿನವೂ ಕೈಹಾಕುವ ಜೇಬು ಕೂಡ ಅದೇ ಜೈಬ್!

ಇನ್ನು ಗೇಟ್ ಪರೀಕ್ಷೆ ಬರೆಯುವವರಿಗೆ. ಅಲ್ಲಿ ನಿಮ್ಮ ಕ್ಯಾಲ್ಕ್ಯುಲೇಟರ್ ಒಳಗೆ ಬಿಡುವುದಿಲ್ಲ. ಪರದೆಯ ಮೇಲೆ ಕೊಟ್ಟಿರುವುದನ್ನೇ ಮೌಸ್‌ನಿಂದ ಒತ್ತಬೇಕು. ಕೈಯಲ್ಲಿ ಹಿಡಿಯುವುದರಲ್ಲಿ ಸೈನ್ ಒತ್ತಿ 30 ಒತ್ತುವ ರೂಢಿ ನಮ್ಮದು. ಅಲ್ಲಿ 30 ಮೊದಲು, ಸೈನ್ ಆಮೇಲೆ. ವಿಂಡೋಸ್‌ನದೂ ಇದೇ ಕ್ರಮ. ಹಾಗಾಗಿ ಹಣವಿಲ್ಲದೆ ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡಿದ ಆ ಹುಡುಗನಿಗೆ ಅದು ಹೊಸದೆನಿಸಲಿಲ್ಲ. ದುಬಾರಿಯದು ಕೊಂಡಿದ್ದ ಅವನ ಗೆಳೆಯರೇ ಆ ದಿನ ತಡವರಿಸಿದರು.

ಅಸರ್ ನಮಾಜಿನ ನಂತರ ಕಂಪ್ಯೂಟರ್ ಕೋಣೆ ತೆರೆದಿರುತ್ತದೆ. ಪೆನ್ನು, ಕಾಗದ ತನ್ನಿ. ಉತ್ತರ ಎಷ್ಟರ ಆಸುಪಾಸು ಬರಬೇಕೆಂದು ಮೊದಲು ಕೈಯಲ್ಲಿ ಬರೆದುಕೊಂಡು, ಆಮೇಲೆ ಮೌಸ್ ಹಿಡಿಯೋಣ.